ಒಂದು ದ್ವೀಪ, ಎರಡು ಖಾತೆ



ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು ಭಾಷೆ ಆಡಿಕೊಂಡು ಬಾಳುವವರು ನಾವು. ಹಾಗೆಯೇ ಬಾಳುತ್ತಿದ್ದ ಜನರ ಒಂದು ದ್ವೀಪದ ಸಂಗತಿಯನ್ನು ಇಂದು ತಮ್ಮ ಮುಂದೆ ಇಡುತ್ತೇನೆ. ಅದರ ಹೆಸರು ಸೈಪ್ರಸ್.

ಮೆಡಿಟರೇನಿಯನ್ ಸಮುದ್ರದ ಪೂರ್ವಭಾಗದಲ್ಲಿ, ತುರ್ಕಿಯ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ ಈ ದ್ವೀಪವಿದೆ. ವಿಸ್ತೀರ್ಣ 9,251 ಚದರ ಕಿಲೋಮೀಟರ್. ಉತ್ತರದ ದಡಕ್ಕೆ ಕೈರೇನಿಯಾ ಬೆಟ್ಟಸಾಲು, ನೈರುತ್ಯಕ್ಕೆ ಟ್ರೂಡೋಸ್ ಪರ್ವತ, ನಡುವೆ ಧಾನ್ಯ ಬೆಳೆಯುವ ಮೆಸೋರಿಯಾ ಬಯಲು. ಆ ಬಯಲಿನಲ್ಲಿಯೇ ರಾಜಧಾನಿ ನಿಕೋಸಿಯಾ.

1571ರಲ್ಲಿ ಆಟೊಮನ್ ತುರ್ಕರು ಈ ದ್ವೀಪವನ್ನು ಗೆದ್ದರು. ಅಲ್ಲಿಂದ ಮುಂದೆ ಗ್ರೀಕ್ ಮಾತಿನ ಕ್ರೈಸ್ತರೂ ತುರ್ಕಿ ಮಾತಿನ ಮುಸಲ್ಮಾನರೂ ಅನೇಕ ಹಳ್ಳಿಗಳಲ್ಲಿ ಒಟ್ಟಿಗೆ ಇದ್ದರು. 1878ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಹೋಯಿತು. ಗ್ರೀಕರಲ್ಲಿ ಹಲವರು ಗ್ರೀಸ್ ದೇಶಕ್ಕೆ ಸೇರಬೇಕೆಂದರು. ತುರ್ಕರು ಅದಕ್ಕೆ ಹೆದರಿ ದ್ವೀಪವನ್ನು ಪಾಲು ಮಾಡಿ ಎಂದರು.

1960ರ ಆಗಸ್ಟ್ 16ರಂದು ಸ್ವಾತಂತ್ರ್ಯ ಬಂತು. ಸಂವಿಧಾನದ ಪ್ರಕಾರ ಅಧ್ಯಕ್ಷ ಗ್ರೀಕನಾಗಬೇಕು, ಉಪಾಧ್ಯಕ್ಷ ತುರ್ಕನಾಗಬೇಕು. ಮುಖ್ಯ ವಿಷಯಗಳಲ್ಲಿ ಇಬ್ಬರಿಗೂ ತಡೆಯುವ ಅಧಿಕಾರ. ಸರ್ಕಾರಿ ನೌಕರಿ ನೂರಕ್ಕೆ 70 ಗ್ರೀಕರಿಗೆ, 30 ತುರ್ಕರಿಗೆ. ಪ್ರತಿಯೊಬ್ಬ ಪ್ರಜೆಯೂ ಎರಡರಲ್ಲಿ ಒಂದು ಸಮುದಾಯಕ್ಕೆ ಸೇರಲೇಬೇಕು. ಎರಡಕ್ಕೂ ಸೇರದ ಅರ್ಮೇನಿಯನ್ನರು, ಮ್ಯಾರೊನೈಟರು ಕೂಡ ಆರಿಸಿಕೊಳ್ಳಬೇಕಾಯಿತು. ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದ ನನಗೆ ಇದು ಹೀಗೆ ಕಾಣುತ್ತದೆ: ಮನೆ ಒಡೆಯುವ ಮೊದಲೇ ಖಾತೆ ಒಡೆದಿತ್ತು.

1963ರಲ್ಲಿ ಅಧ್ಯಕ್ಷ ಮಕಾರಿಯೋಸ್ ಸಂವಿಧಾನಕ್ಕೆ 13 ತಿದ್ದುಪಡಿಗಳನ್ನು ಸೂಚಿಸಿದರು. ತುರ್ಕರು ಒಪ್ಪಲಿಲ್ಲ. ಡಿಸೆಂಬರಿನಲ್ಲಿ ರಕ್ತ ಹರಿಯಿತು. ಬ್ರಿಟಿಷ್ ಸೇನಾಧಿಕಾರಿಯೊಬ್ಬರು ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಗೆರೆ ಎಳೆದರು. ‘ಹಸಿರು ಗೆರೆ’ ಎಂಬ ಹೆಸರು ಇಂದಿಗೂ ಉಳಿದಿದೆ.

1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಬಂತು. ಅದರ ದಂಡನಾಯಕರಾಗಿ ಹೋದವರಲ್ಲಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರೂ ಒಬ್ಬರು. 1965ರ ಡಿಸೆಂಬರಿನಲ್ಲಿ ಅವರು ಅಲ್ಲಿಯೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

1974ರ ಜುಲೈ 15ರಂದು ಗ್ರೀಸ್‌ನ ಸೇನಾ ಸರ್ಕಾರದ ಬೆಂಬಲದಿಂದ ಮಕಾರಿಯೋಸರನ್ನು ಉರುಳಿಸಲಾಯಿತು. ಐದೇ ದಿನದಲ್ಲಿ ತುರ್ಕಿಯ ಸೈನ್ಯ ಇಳಿದು, ಆಗಸ್ಟ್ ಹೊತ್ತಿಗೆ ಮೂರನೇ ಒಂದು ಭಾಗಕ್ಕೂ ಹೆಚ್ಚು ನೆಲವನ್ನು ಹಿಡಿಯಿತು. 1,60,000ಕ್ಕೂ ಹೆಚ್ಚು ಗ್ರೀಕರು ದಕ್ಷಿಣಕ್ಕೆ, 40,000ಕ್ಕೂ ಹೆಚ್ಚು ತುರ್ಕರು ಉತ್ತರಕ್ಕೆ ಮನೆಮಠ ಬಿಟ್ಟು ನಡೆದರು. 1983ರಲ್ಲಿ ಉತ್ತರದವರು ಬೇರೆ ರಾಷ್ಟ್ರವೆಂದು ಘೋಷಿಸಿಕೊಂಡರೂ ತುರ್ಕಿಯೊಂದೇ ಅದನ್ನು ಮನ್ನಿಸಿದೆ.

ಇನ್ನು ಬದುಕಿನ ಮಾತು. ದಕ್ಷಿಣಕ್ಕೆ ಪ್ರವಾಸೋದ್ಯಮ, ಹಡಗು ವ್ಯವಹಾರ, ಬ್ಯಾಂಕುಗಳೇ ಆಧಾರ. 2004ರಲ್ಲಿ ಸೈಪ್ರಸ್ ಐರೋಪ್ಯ ಒಕ್ಕೂಟ ಸೇರಿತು. 2008ರಲ್ಲಿ ಯೂರೋ ಬಂತು. ಆದರೆ ಗ್ರೀಸ್‌ನ ಸಾಲಪತ್ರಗಳಲ್ಲಿ ಹಣ ಹಾಕಿ ಬ್ಯಾಂಕುಗಳು ಕೈ ಸುಟ್ಟುಕೊಂಡವು. 2013ರ ಮಾರ್ಚಿನಲ್ಲಿ ಹತ್ತು ದಿನಕ್ಕೂ ಮಿಕ್ಕಿ ಬಾಗಿಲು ತೆರೆಯಲಿಲ್ಲ. ದೊಡ್ಡ ಠೇವಣಿದಾರರು ಅಪಾರ ಹಣ ಕಳೆದುಕೊಂಡರು. ಉತ್ತರದಲ್ಲಿ ತುರ್ಕಿಯ ಲಿರಾ ನಡೆಯುತ್ತದೆ. ಹಣಕ್ಕೂ ತುರ್ಕಿಯನ್ನೇ ನೋಡಬೇಕು. 2015ರಿಂದ ನೀರೂ ಸಮುದ್ರದೊಳಗಿನ ಕೊಳವೆಯಲ್ಲಿ ಅಲ್ಲಿಂದಲೇ ಬರುತ್ತದೆ.

ಆದರೆ ಒಂದು ವಿಷಯ ಗಮನಿಸಿ. ನೆಲದ ಮೇಲೆ ಗೆರೆ ಎಳೆದರೂ ನೆಲದಡಿಯ ಕೊಳಚೆ ನೀರಿಗೆ ಗೆರೆ ತಿಳಿಯದು. 1970ರ ದಶಕದ ಕೊನೆಯಲ್ಲಿ ನಿಕೋಸಿಯಾದ ಗ್ರೀಕ್ ಮೇಯರ್ ಡಿಮಿಟ್ರಿಯಾಡಿಸ್ ಮತ್ತು ತುರ್ಕಿ ಮೇಯರ್ ಅಕಿಂಜಿ ಕೂತು ಮಾತಾಡಿ, ಇಡೀ ಊರಿಗೆ ಒಂದೇ ಒಳಚರಂಡಿ ವ್ಯವಸ್ಥೆಗೆ ಒಪ್ಪಿಕೊಂಡರು. ದೊಡ್ಡ ನಾಯಕರಿಂದ ಆಗದ್ದು ಚರಂಡಿಯಿಂದ ಆಯಿತು! ಎರಡೂ ಕಡೆಯ ಸೇನೆಗಳ ನಡುವಿನ ಪಟ್ಟಿಯಲ್ಲಿರುವ ಪಿಲಾ ಎಂಬ ಹಳ್ಳಿಯಲ್ಲಿ ಗ್ರೀಕರೂ ತುರ್ಕರೂ ಇಂದಿಗೂ ಒಟ್ಟಿಗಿದ್ದಾರೆ. 2003ರಲ್ಲಿ ಗೆರೆಯ ಬಾಗಿಲುಗಳು ತೆರೆದಾಗ ಸಾವಿರಾರು ಜನ ತಮ್ಮ ಹಳೆಯ ಮನೆ ನೋಡಲು ಧಾವಿಸಿದರು. ಆದರೂ 2004ರ ಜನಮತದಲ್ಲಿ ಒಂದಾಗುವ ಯೋಜನೆಗೆ ತುರ್ಕರಲ್ಲಿ ನೂರಕ್ಕೆ 65 ಮಂದಿ ಹೂಂ ಎಂದರೆ, ಗ್ರೀಕರಲ್ಲಿ 76 ಮಂದಿ ಬೇಡವೆಂದರು.

ಸೈಪ್ರಸ್‌ನ ಸಂಸತ್ತಿಗೆ ಲೆಕ್ಕದಲ್ಲಿ 80 ಸ್ಥಾನ. ಅದರಲ್ಲಿ ತುರ್ಕರಿಗೆಂದು ಮೀಸಲಾದ 24 ಸ್ಥಾನಗಳು ಖಾಲಿಯೇ ಇವೆ. 1964ರಿಂದ ತುರ್ಕಿ ಸದಸ್ಯರು ಅಲ್ಲಿ ಕೂತಿಲ್ಲ. ಖಾತೆ ಮುಚ್ಚಿಲ್ಲ, ಜಮಾ ಆಗಿಲ್ಲ. ಎರಡು ಭಾಷೆ ಬಲ್ಲವನನ್ನು ‘ನೀನು ಯಾವ ಕಡೆಯವನು?’ ಎಂದು ಕೇಳುವ ಮೊದಲು, ಕೇಳುಗರೇ, ಆ ಖಾಲಿ ಸ್ಥಾನಗಳನ್ನು ನೆನೆಯೋಣ.