ಬೆಳೆಯ ಬೆನ್ನಿಗೆ ಬಂದ ಪತ್ತು: ಭೋಜ ಸೀಮೆಯ ಬ್ಯಾಂಕಿಂಗ್

ವೇದಗಂಗಾ, ದೂಧಗಂಗಾ ನದಿಗಳ ನಡುವಿನ ಭೋಜದಿಂದ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದವರೆಗೆ ರೈತನಿಗೆ ಸಾಲ ಕೊಡುವವರು ಯಾರೆಂಬುದನ್ನು ಅವನ ಬೆಳೆಗೆ ರೊಕ್ಕ ಕೊಡುವವರೇ ಬಹುಮಟ್ಟಿಗೆ ತೀರ್ಮಾನಿಸಿದ್ದಾರೆ. ತಂಬಾಕಿನ ಕಾಲಕ್ಕೆ ಅದು ವ್ಯಾಪಾರಿ, ಕಬ್ಬಿನ ಕಾಲಕ್ಕೆ ಕಾರ್ಖಾನೆ ಮತ್ತು ಸೊಸೈಟಿ.

ಸಹಕಾರಿ ಪತ್ತಿನ ಕಾನೂನು ಬಂದದ್ದು 1904ರಲ್ಲಿ. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಈ ಊರುಗಳಿರುವ ಬೆಳಗಾವಿ ಜಿಲ್ಲೆಯೂ ಆಗ ಗದಗಿನಂತೆ ಮುಂಬಯಿ ಪ್ರಾಂತದಲ್ಲಿತ್ತು. ಆದರೆ ಸಾವಕಾರನ ಹಿಡಿತ ಬೇಗ ಸಡಿಲಲಿಲ್ಲ. 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ದೇಶದ ರೈತರ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಶೇ. 3ರಷ್ಟು, ಲೇವಾದೇವಿಯವರದು ಶೇ. 70ರ ಹತ್ತಿರ. ನಿಪ್ಪಾಣಿಯ ಬೀಡಿ ತಂಬಾಕಿನ ರೈತರಂತೂ ದರಕ್ಕಾಗಿ 1981ರಲ್ಲಿ ಶರದ್ ಜೋಶಿಯವರ ಮುಂದಾಳ್ತನದಲ್ಲಿ ಹೆದ್ದಾರಿಯಲ್ಲೇ ಕುಳಿತರು. ಗೋಲಿಬಾರಿನಲ್ಲಿ ಜೀವಗಳು ಹೋದವು. ಬೆಳೆಯ ದರ ರೈತನ ಕೈಯಲ್ಲಿಲ್ಲದ ಊರಲ್ಲಿ ಸಾಲದ ಸ್ವಾತಂತ್ರ್ಯವೂ ಇರುವುದಿಲ್ಲವೆಂದು ಆ ಹೋರಾಟ ತೋರಿಸಿತು ಎಂದೇ ನಾನು ತಿಳಿದಿದ್ದೇನೆ.

ಸುತ್ತಲಿನ ಪೇಟೆಗಳಲ್ಲಿ ಖಾಸಗಿ ಬ್ಯಾಂಕುಗಳೂ ಹುಟ್ಟಿದ್ದವು. 1916ರ ಸಾಂಗ್ಲಿ ಬ್ಯಾಂಕ್ 2007ರಲ್ಲಿ ಐಸಿಐಸಿಐಗೆ ಸೇರಿತು, ಬೆಳಗಾವಿ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. 1943ರಲ್ಲಿ ಕೊಲ್ಹಾಪುರದಲ್ಲಿ ಶುರುವಾದ ರತ್ನಾಕರ ಬ್ಯಾಂಕ್ ಮಾತ್ರ ಆರ್‌ಬಿಎಲ್ ಹೆಸರಿನಲ್ಲಿ ಉಳಿದಿದೆ.

ಇಲ್ಲಿಯ ಹಳ್ಳಿಗಳ ಲೆಕ್ಕಾಚಾರ ಬದಲಿಸಿದ್ದು ಕಬ್ಬು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿ ಕಾರ್ಖಾನೆಗಳು ನಿಂತ ಮೇಲೆ ಸಾಲಕ್ಕೆ ಕಬ್ಬಿನ ಬಿಲ್ಲೇ ಜಾಮೀನಾಯಿತು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಹಣ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಕ್ಕೆ (ಪಿಕೆಪಿಎಸ್) ಬರುತ್ತದೆ, ಅಲ್ಲಿಂದ ಬೆಳೆಸಾಲವಾಗಿ ರೈತನ ಕೈಗೆ. ಕಬ್ಬು ನುರಿದ ಮೇಲೆ ಬಿಲ್ಲಿನಲ್ಲಿ ಸಾಲ ವಜಾ ಆಗುತ್ತದೆ. ವಸೂಲಿಗೆ ಇಷ್ಟು ಭದ್ರ ದಾರಿ ಮಳೆಯಾಶ್ರಿತ ಸೀಮೆಗಳಿಗಿಲ್ಲ. ಆದರೆ ಬಿಲ್ಲು ತಡವಾದರೆ ಸೊಸೈಟಿಯ ಖಾತೆಯಲ್ಲೂ ಬಾಕಿ ಬೆಳೆಯುತ್ತದೆ. ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 2023ರ ರಾಜ್ಯ ಬಜೆಟ್ಟು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಉತಾರದಲ್ಲಿ (ಪಹಣಿಯಲ್ಲಿ) ಹೆಸರಿಲ್ಲದೆ ಪಾಲಿಗೆ ಹೊಲ ಮಾಡುವವರಿಗೆ, ಗಂಡನ ಹೆಸರಿನ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಆ ಏರಿಕೆಯಿಂದ ಬಂದದ್ದು ಕಡಿಮೆ. ನನಗೆ ಇದೇ ಈ ವ್ಯವಸ್ಥೆಯ ದೊಡ್ಡ ಕೊರತೆ.

ಹೊಲಕ್ಕೆ ಪಿಕೆಪಿಎಸ್ ಇದ್ದರೆ ಮನೆ, ಮದುವೆ, ಅಂಗಡಿಗೆ ಪತ್ತಿನ ಸಂಘಗಳು. 1997ರ ಸೌಹಾರ್ದ ಕಾಯ್ದೆ 2001ರಿಂದ ಜಾರಿಗೆ ಬಂದು ಅವುಗಳಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು. 2002ರ ಬಹುರಾಜ್ಯ ಸಹಕಾರಿ ಕಾಯ್ದೆಯಂತೂ ಕೊಲ್ಹಾಪುರ, ಸಾಂಗ್ಲಿಗಳಲ್ಲಿ ಬೀಗರಿರುವ, ವ್ಯಾಪಾರವಿರುವ ಈ ಗಡಿಗೆ ಹೇಳಿಮಾಡಿಸಿದಂತಿದೆ. ಯಕ್ಸಂಬಾದ ಬೀರೇಶ್ವರ ಸಂಸ್ಥೆ ಹೀಗೆ ಊರಿನಿಂದ ಹೊರಟು ರಾಜ್ಯದ ಗಡಿ ದಾಟಿತು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಉಡುಪಿ ಕಡೆಯಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ, ಇಲ್ಲಿಯ ಸಂತೆಪೇಟೆಯಲ್ಲೂ ನಿತ್ಯದ ಮಾತಾಗಿದೆ.

ಅರ್ಬನ್ ಬ್ಯಾಂಕು, ಜಿಲ್ಲಾ ಬ್ಯಾಂಕುಗಳ ಠೇವಣಿಗೆ 2020ರ ಫೆಬ್ರವರಿಯಿಂದ 5 ಲಕ್ಷದವರೆಗೆ ವಿಮೆಯಿದೆ. ಪತ್ತಿನ ಸಂಘಗಳ ಠೇವಣಿಗೆ ಆ ರಕ್ಷಣೆ ಇಲ್ಲ. ಕೌಂಟರು, ಪಾಸ್‌ಬುಕ್ಕು ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಪ್ರತಿ ಸಂಘವೂ ವಿಮೆಯಿಲ್ಲದ ಈ ಸಂಗತಿಯನ್ನು ಠೇವಣಿ ಪಾವತಿಯ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ವಾರ್ಷಿಕ ಸಭೆಯಲ್ಲಿ ಸದಸ್ಯರು ಡಿವಿಡೆಂಡ್ ಕೇಳುವ ಮೊದಲು ಇದನ್ನು ಕೇಳಲಿ.