ಮುಪ್ಪಿನ ಹಲ್ಲಿಗೆ ಬೇರಿನಲ್ಲೇ ಹುಳುಕು

ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್ 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ, ಹಲ್ಲಿನ ಸಂದಿಯ ಬಿಳಿ ಪಾಚಿಯಲ್ಲಿ ಕಂಡ ಜೀವಿಗಳ ವಿವರವಿದೆ. ಜನ್ಮದಲ್ಲಿ ಹಲ್ಲುಜ್ಜದ ಮುದುಕನೊಬ್ಬನ ಬಾಯನ್ನೂ ಆತ ಪರೀಕ್ಷಿಸಿದ್ದ. ಬಾಯಿಯ ಸೂಕ್ಷ್ಮಜೀವಿಗಳ ಕಥೆಯ ಮೊದಲ ಪುಟದಲ್ಲೇ ವೃದ್ಧನಿದ್ದಾನೆ. ಆದರೆ ಮುಂದಿನ ಸಂಶೋಧನೆ ಹೆಚ್ಚಾಗಿ ನೋಡಿದ್ದು ಮಕ್ಕಳ ಹಲ್ಲನ್ನೇ.

ಬ್ಯಾಕ್ಟೀರಿಯಾ ಸಕ್ಕರೆ, ಪಿಷ್ಟಗಳನ್ನು ಹುಳಿಸಿ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು ಬರ್ಲಿನ್ನಿನಲ್ಲಿದ್ದ ಡಬ್ಲ್ಯೂ. ಡಿ. ಮಿಲ್ಲರ್ 1890ರಲ್ಲಿ ವಾದಿಸಿದರು. 1924ರಲ್ಲಿ ಕ್ಲಾರ್ಕ್ ಎಂಬ ಸಂಶೋಧಕರು ಹುಳುಕು ಹಲ್ಲಿನಿಂದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಬ್ಯಾಕ್ಟೀರಿಯಾ ಸೋಕದಂತೆ ಬೆಳೆಸಿದ ಇಲಿಗಳಿಗೆ ಸಕ್ಕರೆ ತಿನ್ನಿಸಿದರೂ ಹಲ್ಲು ಹುಳುಕಾಗದು ಎಂದು 1954ರಲ್ಲಿ ಆರ್ಲ್ಯಾಂಡ್ ಮತ್ತು ಸಂಗಡಿಗರು ತೋರಿಸಿದರು.

ವಯಸ್ಕರ ಬಗ್ಗೆ ಸಿಕ್ಕ ಬಹುದೊಡ್ಡ ತಿಳಿವಳಿಕೆ ಅನ್ಯಾಯದ ದಾರಿಯಲ್ಲಿ ಬಂತು. ಸ್ವೀಡನ್ನಿನ ವಿಪೆಹಾಲ್ಮ್ ಆಸ್ಪತ್ರೆಯಲ್ಲಿದ್ದ ಬುದ್ಧಿಮಾಂದ್ಯರಿಗೆ 1940ರ ದಶಕದಲ್ಲಿ ಊಟದ ನಡುನಡುವೆ ಅಂಟು ಟಾಫಿ ಕೊಟ್ಟು, ಅವರ ಹಲ್ಲು ಹಾಳಾಗುವುದನ್ನು ದಾಖಲಿಸಿದರು. ಒಪ್ಪಿಗೆ ಕೊಡುವ ಸ್ಥಿತಿಯಲ್ಲೇ ಅವರಿರಲಿಲ್ಲ. ಎಷ್ಟು ಸಿಹಿ ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ, ಹಲ್ಲಿಗೆ ಎಷ್ಟು ಹೊತ್ತು ಅಂಟಿಕೊಂಡಿತು ಎನ್ನುವುದೇ ಮುಖ್ಯ ಎಂಬ ಇಂದಿನ ಸಲಹೆಗೆ ಆ ಜನ ತೆತ್ತ ಬೆಲೆಯನ್ನು ನಾವು ಮರೆಯಬಾರದು.

ಒಂದೇ ಬ್ಯಾಕ್ಟೀರಿಯಾ ಅಪರಾಧಿ ಎಂಬ ನಂಬಿಕೆ ಬಹುಕಾಲ ನಡೆಯಿತು. 1994ರಲ್ಲಿ ಫಿಲಿಪ್ ಮಾರ್ಷ್ ಅದನ್ನು ತಿದ್ದಿದರು: ಬಾಯಿಯ ಪರಿಸರ ಪದೇ ಪದೇ ಹುಳಿಯಾದಾಗ ಆಮ್ಲ ತಾಳಬಲ್ಲ ಜೀವಿಗಳ ಕೈ ಮೇಲಾಗುತ್ತದೆ. ಮುಪ್ಪಿನ ಹಲ್ಲನ್ನು ಅರ್ಥ ಮಾಡಿಕೊಳ್ಳಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣದು. ವಯಸ್ಸಾದಂತೆ ಒಸಡು ಕೆಳಗೆ ಸರಿದು ಹಲ್ಲಿನ ಬೇರು ಹೊರಬೀಳುತ್ತದೆ. ಹಲ್ಲಿನ ಗಟ್ಟಿ ಹೊದಿಕೆಯಾದ ಎನಾಮಲ್ ಕರಗಲು ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕೆ ಇಳಿಯಬೇಕು, ಎನಾಮಲ್ ಇಲ್ಲದ ಬೇರು 6ಕ್ಕಿಂತ ಮೇಲಿರುವಾಗಲೇ ಕರಗತೊಡಗುತ್ತದೆ. ಆಮ್ಲವನ್ನು ತೊಳೆದು ತಣಿಸಬೇಕಾದ ಜೊಲ್ಲು, ಖಿನ್ನತೆ, ರಕ್ತದೊತ್ತಡ, ಅಲರ್ಜಿಯ ಎಷ್ಟೋ ಮಾತ್ರೆಗಳಿಂದ ಬತ್ತುತ್ತದೆ. ಕೈ ನಡುಗುವವರಿಗೆ ಬ್ರಷ್ ಹಿಡಿಯುವುದೂ ಕಷ್ಟ. ಬೇರಿನ ಹುಳುಕಿಗೆ ಆಕ್ಟಿನೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ಮೊದಲು ಶಂಕಿಸಿದ್ದರು. ಜೀನ್ ಓದುವ ವಿಧಾನಗಳು ಬಂದ ಮೇಲೆ ಲ್ಯಾಕ್ಟೊಬ್ಯಾಸಿಲಸ್, ಬೈಫಿಡೊಬ್ಯಾಕ್ಟೀರಿಯಂ ಮೊದಲಾದ ಹಲವು ಜೀವಿಗಳ ಕೂಟವೇ ಅಲ್ಲಿ ಕಂಡಿದೆ.

ವಯಸ್ಸಾಯಿತು, ಹಲ್ಲು ಹೋಗುವುದೇ ಎನ್ನುವ ಮಾತನ್ನು ಒಪ್ಪದ ದೇಶ ಜಪಾನ್. 80ನೇ ವಯಸ್ಸಿನಲ್ಲೂ 20 ಹಲ್ಲು ಉಳಿಯಬೇಕೆಂದು ಅದು 1989ರಲ್ಲಿ ಆಂದೋಲನ ಹೂಡಿತು. ಹುಳುಕನ್ನು ಕೊರೆಯದೆಯೇ ತಡೆಯಬಲ್ಲ ಸಿಲ್ವರ್ ಡೈಅಮೈನ್ ಫ್ಲೋರೈಡ್ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿತು. ಇದನ್ನು ಹಚ್ಚಿದರೆ ಹುಳುಕಾದ ಭಾಗ ಕಪ್ಪಾಗುತ್ತದೆ, ನಿಜ. ಆದರೆ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಹಳ ಹೊತ್ತು ಕೂರಲಾಗದ ಹಿರಿಯರಿಗೆ ಇದು ದೊಡ್ಡ ಅನುಕೂಲ.

ಮನೆಯ ಹಿರಿಯರನ್ನು ಹಲ್ಲಿನ ವೈದ್ಯರ ಬಳಿ ಕರೆದೊಯ್ಯುವಾಗ ಅವರು ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಬಾಯಿ ಒಣಗುತ್ತದೆಯೇ ಎಂದು ಮೊದಲು ನೀವೇ ಕೇಳಿ.