ಹೊನ್ನಿನ ಮುಲಾಮಿನ ಫ್ರೆಂಚ್ ಗೋಡೆದೀಪಗಳು

ಟಿಪ್ಪು ಸುಲ್ತಾನನ ರಾಯಭಾರಿಗಳಾದ ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮಹಮ್ಮದ್ ಉಸ್ಮಾನ್ ಖಾನ್ 1788ನೆಯ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ದೊರೆಯನ್ನು ಕಂಡರು. ನಮ್ಮ ಹರಪನಹಳ್ಳಿಯ ಪಾಳೆಯಪಟ್ಟೂ ಟಿಪ್ಪುವಿನ ಹಿಡಿತಕ್ಕೆ ಒಳಪಟ್ಟಿದ್ದ ಕಾಲವದು. ಇಂಗ್ಲಿಷರ ವಿರುದ್ಧ ಸೈನ್ಯಸಹಾಯ ಕೇಳಲು ಹೋದವರಿಗೆ ಅದು ದೊರೆಯಲಿಲ್ಲ. ಸೇವ್ರ್ ಕಾರ್ಖಾನೆಯ ಪಿಂಗಾಣಿ ಉಡುಗೊರೆ ದೊರೆಯಿತು.

ಆ ಕಾಲದ ಫ್ರೆಂಚ್ ಸಿರಿವಂತಿಕೆಯ ಗುರುತೆಂದರೆ ಚಿನ್ನದ ಮುಲಾಮಿನ ಕಂಚಿನ ಗೋಡೆದೀಪಗಳು. 1738ರಲ್ಲಿ ಹರ್ಕ್ಯುಲೇನಿಯಂ, 1748ರಲ್ಲಿ ಪಾಂಪೆ ಪಟ್ಟಣಗಳ ಉತ್ಖನನ ಆರಂಭವಾದ ಮೇಲೆ ಪ್ರಾಚೀನ ರೋಮಿನ ಶೈಲಿಗೆ ಮರುಜೀವ ಬಂದಿತು. ಸುಮಾರು 1760ರ ನಂತರದ ದೀಪಗಳಲ್ಲಿ ಬಳುಕುವ ಬಳ್ಳಿಗಳ ಬದಲು ನೆಟ್ಟನೆಯ ಕಂಬ, ಕುಂಭ, ಟಗರಿನ ತಲೆ, ಹೂಮಾಲೆಗಳು ಕಾಣುತ್ತವೆ.

ಚಿನ್ನವನ್ನು ಪಾದರಸದಲ್ಲಿ ಕರಗಿಸಿ, ಆ ಮಿಶ್ರಣವನ್ನು ಕಂಚಿಗೆ ಬಳಿದು ಬೆಂಕಿಗೆ ಹಿಡಿಯುತ್ತಿದ್ದರು. ಪಾದರಸ ಆವಿಯಾಗಿ ಹೋಗುತ್ತಿತ್ತು, ಚಿನ್ನ ಉಳಿಯುತ್ತಿತ್ತು. ಆ ಆವಿಯನ್ನು ಉಸಿರಾಡಿದ ಕೆಲಸಗಾರರ ಕೈಕಾಲು ನಡುಗುತ್ತಿದ್ದವು. ಅರಮನೆಯ ಬೆಳಕಿನ ಬೆಲೆಯನ್ನು ಅವರೂ ತೆತ್ತರೆಂಬುದನ್ನು ಮರೆಯಲಾಗದು. ಈ ಕಲೆಯಲ್ಲಿ ಅಗ್ರಗಣ್ಯನಾಗಿದ್ದ ಪಿಯರ್ ಗುತಿಯೇರ್‌ನು ಹಣ ಬಾಕಿ ಉಳಿಸಿಕೊಂಡ ಗಿರಾಕಿಗಳಿಂದ ಕಂಗೆಟ್ಟು 1813ರಲ್ಲಿ ಬಡತನದಲ್ಲೇ ತೀರಿಕೊಂಡನು. ಅವನ ಗಿರಾಕಿ ಮದಾಂ ದು ಬಾರಿಯನ್ನು 1793ರಲ್ಲಿ ಕ್ರಾಂತಿಕಾರರು ಶಿರಚ್ಛೇದ ಮಾಡಿದ್ದರು.

ಇಂಥ ದೀಪವೊಂದು ಯಾರದು, ಎಲ್ಲಿಯದು ಎಂದು ಹೇಳುವುದು ಸುಲಭವಲ್ಲ. ಪ್ಯಾರಿಸಿನ ಮರಗೆಲಸದ ಕಸುಬುದಾರರು ತಮ್ಮ ಹೆಸರಿನ ಮುದ್ರೆ ಒತ್ತಬೇಕಾಗಿತ್ತು. ಕಂಚಿನವರು ಸಹಿ ಹಾಕುತ್ತಿದ್ದುದು ಅಪರೂಪ. ಕಿರೀಟ ತೊಟ್ಟ ‘ಸಿ’ ಅಕ್ಷರದ ಮುದ್ರೆಯೊಂದುಂಟು. ಅದು 1745ರಿಂದ 1749ರವರೆಗೆ ಮಾತ್ರ ವಸೂಲಾದ ತೆರಿಗೆಯ ಗುರುತು. ಟಗರಿನ ತಲೆ, ಹೂಮಾಲೆಗಳ ದೀಪದ ಮೇಲೆ ಅದು ಕಂಡರೆ ಸಂಶಯಪಡುವುದೇ ಲೇಸು. ಉಳಿದಂತೆ ಆಧಾರವೆಂದರೆ ಕಾಗದಪತ್ರಗಳು: ಅರಮನೆಯ ದಾಸ್ತಾನು ಪುಸ್ತಕ, ಕಸುಬುದಾರನ ಬಿಲ್ಲು, ಹರಾಜಿನ ಪಟ್ಟಿ.

1793ರ ಆಗಸ್ಟಿನಿಂದ ಮರುವರ್ಷದ ಆಗಸ್ಟಿನವರೆಗೆ ವರ್ಸೇಲ್ಸಿನ ಸಾಮಾನುಗಳು ಹರಾಜಾದವು. ಜೋಡಿಯಾಗಿ, ನಾಲ್ಕಾಗಿ ಮಾಡಿಸಿದ ವಸ್ತುಗಳು ಬೇರೆ ಬೇರೆ ದೇಶಗಳಿಗೆ ಚದುರಿಹೋದವು. ಹೋದ ವಸ್ತುಗಳ ಜಾಡನ್ನು ಇಂದಿಗೂ ಹಿಡಿಯಲು ಸಾಧ್ಯವಾಗುತ್ತಿರುವುದು ಆ ಹಳೆಯ ಪುಸ್ತಕಗಳಿಂದಲೇ. 1799ನೆಯ ಮೇ 4ರಂದು ಶ್ರೀರಂಗಪಟ್ಟಣವೂ ಬಿದ್ದಿತು. ಟಿಪ್ಪುವಿನ ಸಿಂಹಾಸನವನ್ನು ತುಂಡರಿಸಿ ಹಂಚಿಕೊಂಡರು. ಅದರ ದೊಡ್ಡ ಹುಲಿಮುಖ ಇಂಗ್ಲೆಂಡಿನ ರಾಜಮನೆತನದ ಸಂಗ್ರಹ ಸೇರಿತು. 1788ರಲ್ಲಿ ಪರಸ್ಪರ ಉಪಚರಿಸಿದ ಎರಡು ಆಸ್ಥಾನಗಳ ಸೊತ್ತೂ ಹನ್ನೊಂದು ವರ್ಷಗಳೊಳಗೆ ಪರರ ಪಾಲಾಯಿತು.

ದೇವಾಲಯದ ದೀಪಸ್ತಂಭ, ಪೂಜಾಪಾತ್ರೆ, ಸ್ವರೂಪಗಳ ವಿಷಯದಲ್ಲಿಯೂ ಪ್ರಶ್ನೆ ಇದೇ. ‘ವಿದೇಶಿ ಸ್ವಾಮಿಗಳು ತಂದದ್ದು’ ಎಂಬ ಮಾತು ಎರಡು ತಲೆಮಾರು ಕಳೆದರೆ ಬರಿಯ ಕಥೆಯಾಗಿಬಿಡುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1283ನೆಯ ವಿಧಿಯು, ಬೆಲೆಬಾಳುವ ಹಾಗೂ ಸಾಂಸ್ಕೃತಿಕ ಮಹತ್ವದ ವಸ್ತುಗಳ ವಿವರವನ್ನೂ ಮೌಲ್ಯವನ್ನೂ ಪಟ್ಟಿಮಾಡಿ ಸಹಿ ಮಾಡಬೇಕೆಂದು ವಿಧಿಸುತ್ತದೆ. ಅದರ ಒಂದು ಪ್ರತಿ ಆಡಳಿತದ ದಫ್ತರದಲ್ಲಿ, ಇನ್ನೊಂದು ಧರ್ಮಪ್ರಾಂತ್ಯದ ಕಚೇರಿಯ ದಫ್ತರದಲ್ಲಿ ಇರಬೇಕು. ವಸ್ತುಗಳಲ್ಲಿ ಆಗುವ ಪ್ರತಿಯೊಂದು ಬದಲಾವಣೆಯನ್ನೂ ಎರಡರಲ್ಲಿಯೂ ನಮೂದಿಸಬೇಕು.